ಊರೊಳಗೆ ಯೂನಿಟ್‌ಗೆ 8 ಕಿ.ಮೀ., ಹಾವೇರಿ ರೋಡಿನಲ್ಲಿ ಐದೂವರೆ. ಬ್ಯಾಟರಿ ಹೋಯ್ತಾ?

ನವನಗರದ ಎಂಆರ್:
ಎಲ್ಲರಿಗೂ ನಮಸ್ಕಾರ ರೀ. ನಾನು ಮೆಡಿಕಲ್ ರೆಪ್. ಸೆಕೆಂಡ್ ಹ್ಯಾಂಡ್ ನೆಕ್ಸಾನ್ ಇವಿ (ಕರೆಂಟಿನ ಕಾರು) ತಗೊಂಡಿದ್ದೇನೆ, 30.2 ಯೂನಿಟ್ ಬ್ಯಾಟರಿಯ ಹಳೇ ಮಾಡೆಲ್. ಹುಬ್ಬಳ್ಳಿಯೊಳಗೆ ವಿದ್ಯಾನಗರ, ದೇಶಪಾಂಡೆ ನಗರ, ಕೊಪ್ಪೀಕರ್ ರೋಡ್ ಅಂತ ಡಾಕ್ಟರ್‌ಗಳ ಕಡೆ ತಿರುಗುವಾಗ ಯೂನಿಟ್‌ಗೆ ಎಂಟು ಕಿ.ಮೀ. ಸಿಗುತ್ತದೆ. ಹಾವೇರಿಗೆ ಹೋದ ದಿನ ಅದೇ ಗಾಡಿ ಐದೂವರೆಗೆ ಇಳಿಯುತ್ತದೆ. ನನ್ನ ಹಳೇ ಪೆಟ್ರೋಲ್ ಗಾಡಿ ಪೂರಾ ಉಲ್ಟಾ ಇತ್ತು. ಊರಲ್ಲಿ 12 ಕೊಟ್ಟರೆ ಹೈವೇಯಲ್ಲಿ 18 ಕೊಡುತ್ತಿತ್ತು. ಇದನ್ನು ಮಾರಿದವರೂ ಹೈವೇಯಲ್ಲಿ ಇನ್ನೂ ಜಾಸ್ತಿ ಬರುತ್ತದೆ ಅಂದಿದ್ದರು. ಕಂಪನಿಯ ಲೆಕ್ಕದಲ್ಲಿ ಫುಲ್ ಚಾರ್ಜ್‌ಗೆ 312 ಕಿ.ಮೀ. ಅಂತಿದೆ!

ಬ್ಯಾಟರಿ ಸತ್ತಿದೆಯಾ? ಹಾವೇರಿಗೆ ಹೋಗಿ ಬರಲು 150 ಕಿ.ಮೀ. ಆಗುತ್ತದೆ. ಮಧ್ಯೆ ಚಾರ್ಜಿಗೆ ನಿಲ್ಲದೆ ಮನೆ ಸೇರಬಹುದಾ? ನಾನು ಹೈವೇಯಲ್ಲಿ 100ರ ಆಸುಪಾಸು ಓಡಿಸುತ್ತೇನೆ. ಏಸಿ ಯಾವಾಗಲೂ ಆನ್.

ಸಪ್ತಾಪುರ ಮಾಸ್ತರ್:
ಹೈವೇಯಲ್ಲಿ ಐದೂವರೆ ಬಂತು ಅಂದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಅನ್ನಬೇಡಿ. ಬ್ಯಾಟರಿ ಹಳೇದಾದರೆ ಅದರಲ್ಲಿ ಹಿಡಿಯುವ ಯೂನಿಟ್ ಕಡಿಮೆ ಆಗುತ್ತದೆ. ಒಂದು ಯೂನಿಟ್‌ಗೆ ಎಷ್ಟು ದೂರ ಅನ್ನುವುದು ಬೇರೆ ಲೆಕ್ಕ. ನೀವು ಹೇಳುತ್ತಿರುವುದು ಎರಡನೆಯದು, ಅದು ಸರಿಯಾಗೇ ಇದೆ.

ಇಲ್ಲಿ ಮುಖ್ಯ ಗಾಳಿ. ಟೈರಿನ ಉಜ್ಜಾಟಕ್ಕೆ ಕಿ.ಮೀ.ಗೆ ಹೆಚ್ಚುಕಡಿಮೆ 40 ವಾಟ್-ಅವರ್ (ಸಾವಿರ ವಾಟ್-ಅವರ್ ಅಂದರೆ ಒಂದು ಯೂನಿಟ್) ಬೇಕು, ನಿಧಾನ ಹೋಗಿ, ಜೋರಾಗಿ ಹೋಗಿ. ಗಾಳಿ ಹಾಗಲ್ಲ. ನಿಮ್ಮಂಥ ಎತ್ತರದ ಗಾಡಿಗೆ 60ರಲ್ಲಿ ಸುಮಾರು 30 ಬೇಕಾದರೆ 100ರಲ್ಲಿ 90ರ ಹತ್ತಿರ ಬೇಕು. ಸ್ಪೀಡ್ ದುಪ್ಪಟ್ಟಾದರೆ ಗಾಳಿ ತಡೆಯುವ ಬಲ ನಾಲ್ಕು ಪಟ್ಟು. ಇದರ ಮೇಲೆ ಮೋಟರ್, ಗೇರ್, ಏಸಿ ಎಲ್ಲದರ ಖರ್ಚು ಸೇರಿಸಿ. ಯೂನಿಟ್‌ಗೆ ಐದೂವರೆ, ಆರು ಅಂತಲೇ ಬರುತ್ತದೆ.

ಹಾಗಾದರೆ ಪೆಟ್ರೋಲ್ ಗಾಡಿಗೆ ಗಾಳಿ ಇರಲಿಲ್ವಾ? ಇತ್ತು. ಅಷ್ಟೇ ಇತ್ತು. ಆದರೆ ಆ ಎಂಜಿನ್ ಊರೊಳಗೆ ಸಿಕ್ಕಾಪಟ್ಟೆ ಪೋಲು ಮಾಡುತ್ತದೆ. ಚೆನ್ನಮ್ಮ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗಲೂ ಉರಿಯುತ್ತಿರುತ್ತದೆ. ಕಡಿಮೆ ಲೋಡಿನಲ್ಲಿ ಉರಿದ ಪೆಟ್ರೋಲಿಗೆ ತಕ್ಕ ಕೆಲಸ ಎಂಜಿನ್‌ನಿಂದ ಸಿಗುವುದಿಲ್ಲ. ಹೈವೇಗೆ ಹೋದರೆ ಅದಕ್ಕೆ ತಕ್ಕ ಲೋಡ್ ಸಿಗುತ್ತದೆ, ಆ ಉಳಿತಾಯದಲ್ಲಿ ಗಾಳಿಯ ಖರ್ಚು ಮುಚ್ಚಿಹೋಗುತ್ತದೆ. ನಿಮ್ಮ ಇವಿ ಹೈವೇಯಲ್ಲಿ ಕೆಟ್ಟದ್ದು ಅಂತಲ್ಲ, ಹಳೇ ಗಾಡಿ ಊರಲ್ಲಿ ಕೆಟ್ಟದ್ದಿತ್ತು. ಮೋಟರ್ ನಿಂತಾಗ ಏನೂ ತಿನ್ನುವುದಿಲ್ಲ. ಬ್ರೇಕ್ ಹಾಕಿದಾಗ ಒಂದಷ್ಟು ವಾಪಸ್ ಕೂಡ ಕೊಡುತ್ತದೆ. ಹೈವೇಯಲ್ಲಿ ಬ್ರೇಕೇ ಹಾಕದಿದ್ದರೆ ವಾಪಸ್ ಎಲ್ಲಿಂದ ಬರಬೇಕು?

312 ಅನ್ನುವುದು ಟೆಸ್ಟಿನ ಲೆಕ್ಕ. ಆ ಟೆಸ್ಟ್‌ನಲ್ಲಿ ಗಾಡಿ 90 ದಾಟುವುದೇ ಇಲ್ಲ, ಬಹುಪಾಲು ನಿಧಾನವೇ. ಏಸಿ ಬಂದ್. ಅದನ್ನು ಮರೆತುಬಿಡಿ.

ಹಾವೇರಿ ಲೆಕ್ಕ: ಐದೂವರೆಯಂತೆ 150ಕ್ಕೆ 27 ಯೂನಿಟ್ ಮೀರುತ್ತದೆ. ಹಳೇ ಬ್ಯಾಟರಿ, ಧೈರ್ಯ ಮಾಡಬೇಡಿ. 80ಕ್ಕೆ ಇಳಿಸಿ ನೋಡ್ರಿ. ಯೂನಿಟ್‌ಗೆ ಏಳು ಸಿಕ್ಕರೂ 22ರೊಳಗೆ ಮುಗಿಯುತ್ತದೆ. ಒಂದು ಕಡೆಗೆ ಹತ್ತು-ಹನ್ನೊಂದು ನಿಮಿಷ ಜಾಸ್ತಿ ಆಗುತ್ತದೆ, ಅಷ್ಟೇ. ಚಾರ್ಜಿಗೆ ನಿಂತರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ.

ಗದಗಿನ ಗಾಡಿ:
ಮಾಸ್ತರ್ ಹೇಳಿದ್ದು ಗಾಳಿ ಸುಮ್ನೆ ಇದ್ದ ದಿನದ ಲೆಕ್ಕ. ನಮ್ಮ ಕಡೆ ಗಾಳಿ ಸುಮ್ನೆ ಇರುತ್ತದಾ? ಕಪ್ಪತಗುಡ್ಡದ ಕಡೆ ಕರೆಂಟ್ ತಯಾರಿಸುವ ಗಾಳಿ ಫ್ಯಾನ್‌ಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ. ಗದಗಿನಿಂದ ಹುಬ್ಬಳ್ಳಿಗೆ ಬರುವಾಗ ಸೀದಾ ಎದುರಿಗೆ. ಅಣ್ಣಿಗೇರಿ ಸುತ್ತ ಎರೆಹೊಲ, ತಡೆಯಲು ಒಂದು ಗಿಡ ಇಲ್ಲ. ಸೈಕಲ್ ತುಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. ನೀವು 80ರಲ್ಲಿದ್ದು ಎದುರುಗಾಳಿ 20 ಇದ್ದರೆ ಗಾಡಿಗೆ ತಗಲುವುದು 100ರ ಗಾಳಿ. ಅಂದರೆ ಗಾಳಿ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವಾಗ ಹಿಂದಿನಿಂದ ತಳ್ಳುತ್ತದೆ ನಿಜ. ಆದರೆ ಉಳಿದದ್ದಕ್ಕಿಂತ ಕಳೆದದ್ದು ಸ್ವಲ್ಪ ಜಾಸ್ತಿಯೇ. ಅದಕ್ಕೆ ನಾನು ಜೂನ್-ಜುಲೈನಲ್ಲಿ ಹೋಗುವಾಗಿನ ಮೈಲೇಜ್ ನೋಡಿ ವಾಪಸ್ ಬರುವ ಲೆಕ್ಕ ಹಾಕುವುದಿಲ್ಲ.

ಕೇಶ್ವಾಪುರ ಟಿಯಾಗೊ:
ಊರೊಳಗೆ ಯಾವಾಗಲೂ ಚೆನ್ನಾಗಿ ಬರುತ್ತದೆ ಅಂತ ಇಲ್ಲ ತಮ್ಮಾ. ಏಸಿ ಗಂಟೆಗೆ ತಿನ್ನುತ್ತದೆ, ಕಿಲೋಮೀಟರಿಗಲ್ಲ. ಏಪ್ರಿಲ್ ಮಧ್ಯಾಹ್ನ ಒಂದು ಕಿಲೋವಾಟ್ ಎಳೆಯುತ್ತದೆ ಅಂದುಕೋ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ತನ್ನದೇ ಲೇನ್‌ನಲ್ಲಿ ಹಾರಿಹೋಗುತ್ತದೆ, ನಾವು ಪಕ್ಕದಲ್ಲಿ 15ರ ಸ್ಪೀಡಲ್ಲಿ ತೆವಳುತ್ತೇವೆ. ಆಗ ಏಸಿಗೇ ಕಿ.ಮೀ.ಗೆ 65 ವಾಟ್-ಅವರ್ ದಾಟುತ್ತದೆ. ಹೈವೇಯಲ್ಲಿ 80ರಲ್ಲಿ ಅದೇ ಏಸಿಗೆ ಬರೀ 12-13. ಹೈವೇಯಲ್ಲಿ ಏಸಿ ಬಂದ್ ಮಾಡಿ ಬೆವರುವವರನ್ನು ನೋಡಿದರೆ ನನಗೆ ನಗು. ಆ ಉಳಿತಾಯ ಸ್ಪೀಡ್ ಸ್ವಲ್ಪ ಇಳಿಸಿದರೆ ಸಿಗುತ್ತದೆ.

ಇನ್ನೊಂದು. ಬೆಳಿಗ್ಗೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಹೊರಟರೆ ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ. ಬ್ರೇಕಿನಿಂದ ವಾಪಸ್ ಬರುವುದು ಆಗ ತೀರಾ ಕಡಿಮೆ. ದಿನಾ ಊರೊಳಗೆ ತಿರುಗಲು 80, 90ಕ್ಕೆ ನಿಲ್ಲಿಸಿದರೆ ಸಾಕು. ಹಾವೇರಿ ದಿನ ಫುಲ್ ಮಾಡು.

ನವನಗರದ ಎಂಆರ್:
ಅಕ್ಕಾರ, ಏಸಿ ವಿಷಯ ಹೇಳಿದ್ದು ಬಹಳ ಚಲೋ ಆಯ್ತು. ನಾನು ಬಂಕಾಪುರದ ತನಕ ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದವರ ಪೈಕಿ ಅಲ್ಲ ಸದ್ಯ! ಮಾಸ್ತರ್, ಇನ್ನೊಂದು ಡೌಟ್. ಗಾಡಿ 20 ಯೂನಿಟ್ ಖರ್ಚು ಅಂತ ತೋರಿಸಿದರೆ ಮನೆಯ ಮೀಟರ್ 22, 23 ಓಡಿರುತ್ತದೆ. ಇದು ಎಲ್ಲಿ ಸೋರುತ್ತಿದೆ?

ಸಪ್ತಾಪುರ ಮಾಸ್ತರ್:
ಚಾರ್ಜಿಂಗ್‌ನಲ್ಲೇ. ಮನೆಗೆ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಕರೆಂಟ್ ಮಾಡುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಮನೆಯ 15 ಆಂಪಿಯರ್ ಪ್ಲಗ್‌ನಲ್ಲಿ ನೂರಕ್ಕೆ 10-15 ಹೀಗೆ ಹೋಗುವುದು ಮಾಮೂಲು. ಹೆಸ್ಕಾಂ ಬಿಲ್ ಬರುವುದು ಮೀಟರ್ ಲೆಕ್ಕದಲ್ಲಿ, ಆದ್ದರಿಂದ ರೂಪಾಯಿ ಲೆಕ್ಕ ಹಾಕುವಾಗ ಅದನ್ನೇ ಹಿಡಿಯಿರಿ. ಹಾವೇರಿ ತಲುಪುತ್ತೇವಾ ಅನ್ನುವುದಕ್ಕೆ ಡ್ಯಾಶ್‌ಬೋರ್ಡ್ ನೋಡಿ. ಪ್ಲಗ್ ಮುಟ್ಟಿದರೆ ಸುಡುತ್ತಿದ್ದರೆ ಮಾತ್ರ ಸುಮ್ಮನೆ ಬಿಡಬೇಡಿ, ಇಲೆಕ್ಟ್ರಿಷಿಯನ್ ಕರೆಸಿ ವೈರಿಂಗ್ ತೋರಿಸಿ.