ಅಪ್ಪಯ್ಯನ ಕ್ಯಾಸೆಟ್, ಸಿಡಿಗಳಿಗೆ ಮನೆಯಲ್ಲೇ ಮ್ಯೂಸಿಕ್ ಸರ್ವರ್: ಹಳೇ ಡೆಸ್ಕ್‌ಟಾಪ್ ಸಾಕಾ?

ಶರಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊನ್ನಾವರದ ಹತ್ತಿರ ಒಂದು ಹಳ್ಳಿ. ನಾನಿರುವುದು ಬೆಂಗಳೂರಲ್ಲಿ, ಅಪ್ಪಯ್ಯ ಮತ್ತು ಆಯಿ ಊರಲ್ಲೇ ಇದ್ದಾರೆ. ಅಪ್ಪಯ್ಯನ ಹತ್ತಿರ ಸುಮಾರು ಇನ್ನೂರು ಕ್ಯಾಸೆಟ್ ಇವೆ. ಅರ್ಧಕ್ಕಿಂತ ಜಾಸ್ತಿ ಯಕ್ಷಗಾನ, ತಾಳಮದ್ದಳೆ. ಅದರಲ್ಲೂ ಕೆಲವು ಅಂಗಡಿಯಲ್ಲಿ ಸಿಗುವಂಥವಲ್ಲ. ಊರ ದೇವಸ್ಥಾನದಲ್ಲಿ ನಡೆದ ಕೂಟಗಳನ್ನು ಅವರೇ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡವು. ಇದರ ಜೊತೆಗೆ ಮುನ್ನೂರರಷ್ಟು ಸಿಡಿ: ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಭಾವಗೀತೆ.

ಇದಷ್ಟನ್ನೂ ಒಂದು ಕಂಪ್ಯೂಟರಿಗೆ ಹಾಕಿ, ಅದನ್ನು ಹಾಡಿಗೆ ಅಂತಲೇ ಮೀಸಲಿಡಬೇಕು ಅಂತ ಆಸೆ. ಜಗಲಿಯಲ್ಲಿ ಅಪ್ಪಯ್ಯನ ಹಳೇ ಆಂಪ್ಲಿಫೈಯರ್ ಮತ್ತೆ ಸ್ಪೀಕರ್ ಇವೆ, ಅದರಿಂದಲೇ ಕೇಳಿಸಬೇಕು. ಅವರಿಗೆ 76 ವರ್ಷ. ವಾಟ್ಸಾಪ್ ಚೆನ್ನಾಗಿ ಬಳಸುತ್ತಾರೆ. ಹಾಗಾಗಿ ಫೋನಿನಲ್ಲೇ ಹುಡುಕಿ ಒತ್ತಿದರೆ ಹಾಡು ಶುರುವಾಗುವಂತಿರಬೇಕು. ಕೀಬೋರ್ಡ್, ಮಾನಿಟರ್ ಅವರ ಕಣ್ಣಿಗೇ ಬೀಳಬಾರದು.

ಮನೆಯಲ್ಲಿ 2012ರ ಒಂದು ಡೆಸ್ಕ್‌ಟಾಪ್ ಇದೆ. ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್. ಫ್ಯಾನ್ ಸದ್ದು ಮಾಡುತ್ತದೆ. ಇದೇ ಸಾಕಾ, ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ತಗೊಳ್ಳಬೇಕಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಯಾವ ಸಾಫ್ಟ್‌ವೇರ್ ಒಳ್ಳೆಯದು? ಹೆಸರುಗಳನ್ನು ಕನ್ನಡದಲ್ಲೇ ಹಾಕಬಹುದಾ? ನನಗೂ ಬೆಂಗಳೂರಿಂದ ಕೇಳುವಂತಾದರೆ ಇನ್ನೂ ಸಂತೋಷ.

ಮೆಟ್ರೋ_ಪಯಣಿಗ:

ಇಷ್ಟೆಲ್ಲ ಕಷ್ಟ ಯಾಕೆ ಅಕ್ಕಾ? ಈಗ ಆ್ಯಪ್‌ಗಳಲ್ಲಿ ಎಲ್ಲ ಸಿಗುತ್ತೆ ಅಲ್ವಾ? ಒಂದು ಬ್ಲೂಟೂತ್ ಸ್ಪೀಕರ್ ಕೊಡಿಸಿ, ವರ್ಷದ ಚಂದಾ ಕಟ್ಟಿ. ಯೂಟ್ಯೂಬಲ್ಲಿ ಯಕ್ಷಗಾನವೂ ಬೇಕಾದಷ್ಟಿದೆ.

ಶರಾವತಿ_ದಂಡೆ:

ಸಿಗುವುದನ್ನು ಅಪ್ಪಯ್ಯ ಈಗಲೂ ಫೋನಲ್ಲಿ ಕೇಳುತ್ತಾರೆ ತಮ್ಮಾ. ಆದರೆ ನಮ್ಮೂರ ಕೂಟದಲ್ಲಿ ಅವರ ಸ್ನೇಹಿತರು ಅರ್ಥ (ಪಾತ್ರದ ಮಾತು) ಹೇಳಿದ್ದು ಯಾವ ಆ್ಯಪ್‌ನಲ್ಲೂ ಇಲ್ಲ. ಅವರಲ್ಲಿ ಎಷ್ಟೋ ಜನ ಈಗಿಲ್ಲ. ಇನ್ನೊಂದು, ಜೂನ್ ಬಂತು ಅಂದರೆ ನಮ್ಮಲ್ಲಿ ಇಂಟರ್ನೆಟ್ ನಂಬುವ ಹಾಗಿಲ್ಲ. ಮನೆಯೊಳಗಿನ ವೈಫೈ ಸಾಕು ಅನ್ನುವಂಥ ವ್ಯವಸ್ಥೆ ಬೇಕು.

ಖಂಡಚಾಪು:

ಮೇಡಂ, ನಾನು ಶಿವಮೊಗ್ಗದಲ್ಲಿ ಮೃದಂಗ ಕಲಿಸುತ್ತೇನೆ. ಪಾಠದ ನಡುವೆ “ಈ ತನಿ (ಮೃದಂಗ ಒಂದೇ ನುಡಿಯುವ ಭಾಗ) ಕೇಳು” ಅಂತ ಮಕ್ಕಳಿಗೆ ತಕ್ಷಣ ಹಾಕಿ ತೋರಿಸಲು ಇಂಥದ್ದೊಂದು ಡಬ್ಬಿ ಇಟ್ಟುಕೊಂಡಿದ್ದೇನೆ. ನಿಮ್ಮ ತಂದೆಯವರ ಸಂಗ್ರಹದ ಬಗ್ಗೆ ಓದಿ ತುಂಬ ಖುಷಿಯಾಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲಿಗೆ, ಆ ಹಳೇ ಡೆಸ್ಕ್‌ಟಾಪನ್ನು ಮಾರಬೇಡಿ, ಸರ್ವರ್ ಕೂಡ ಮಾಡಬೇಡಿ. ಅದರಲ್ಲಿ ಡಿವಿಡಿ ಡ್ರೈವ್ ಇದೆ. ಹಿಂದುಗಡೆ ನೀಲಿ ಬಣ್ಣದ ಲೈನ್-ಇನ್ ತೂತು ಕೂಡ ಇರಬೇಕು, ನೋಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇವೆರಡೂ ಸಿಗುವುದು ಅಪರೂಪ. ಸಿಡಿ ಇಳಿಸಲಿಕ್ಕೆ, ಕ್ಯಾಸೆಟ್ ತುಂಬಿಸಲಿಕ್ಕೆ ಅದೇ ಸರಿಯಾದ ಯಂತ್ರ. ಆ ಕೆಲಸ ಮುಗಿಯುವ ತನಕ ಅದು ಬೇಕೇ ಬೇಕು.

ಸರ್ವರ್ ಬೇರೆಯೇ ಇರಲಿ. ಹಳೇ ಡೆಸ್ಕ್‌ಟಾಪ್ ಸುಮ್ನೆ ಆನ್ ಇದ್ದರೂ 60 ವ್ಯಾಟ್ ಆಸುಪಾಸು ಎಳೆಯುತ್ತದೆ. ಹಗಲೂ ರಾತ್ರಿ ಇಟ್ಟರೆ ತಿಂಗಳಿಗೆ 43 ಯೂನಿಟ್ ಆಯಿತು. ಆಫೀಸುಗಳಲ್ಲಿ ಬಳಸಿ ಬಿಟ್ಟ ಚಿಕ್ಕ ಪಿಸಿಗಳು ಬರುತ್ತವಲ್ಲ, ಲೆನೋವೋ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಇವು ಕೆಲಸವಿಲ್ಲದಾಗ 10 ವ್ಯಾಟ್ ಹತ್ತಿರ ಇರುತ್ತವೆ. ತಿಂಗಳಿಗೆ ಏಳು ಯೂನಿಟ್ ಅಷ್ಟೇ. ಇನ್ವರ್ಟರ್ ಮೇಲೆ ಹಾಕಿದರೆ ರಾತ್ರಿಯಿಡೀ ಓಡಿದರೂ ಬ್ಯಾಟರಿಗೆ ಭಾರ ಅನ್ನಿಸುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ, ನೀವೇ ಹೋಗಿ ಆನ್ ಮಾಡಿಸಿ ನೋಡಿ ತರಬಹುದು. ಐ3 ಸಾಕು, 4 ಜಿಬಿ ರ‍್ಯಾಮ್ ಸಾಕು. ಹಾಡು ಓದಿ ಕಳಿಸುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಡಿಸ್ಕ್ ಮಾತ್ರ ಹೊಸ ಎಸ್‌ಎಸ್‌ಡಿ ಹಾಕಿಸಿ. 2012ರ ಹಾರ್ಡ್ ಡಿಸ್ಕನ್ನು ಈ ಕೆಲಸಕ್ಕೆ ನಂಬಬೇಡಿ.

ರಾಸ್ಪ್‌ಬೆರಿ ಪೈ ಕೂಡ ಒಳ್ಳೆಯದೇ. ಆದರೆ ಅದಕ್ಕೆ ಕೇಸು, ಸರಿಯಾದ ಅಡಾಪ್ಟರ್, ಡಿಸ್ಕ್ ಎಲ್ಲ ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಪಿಸಿಗಿಂತ ಅಗ್ಗವೇನೂ ಆಗುವುದಿಲ್ಲ. ಪದೇ ಪದೇ ಕರೆಂಟು ಹೋಗುವ ಕಡೆ ಎಸ್‌ಡಿ ಕಾರ್ಡ್ ಕೆಡುವ ಭಯವೂ ಇದೆ.

ಕರೆಂಟಿನ ವಿಷಯಕ್ಕೆ ಬಂದರೆ, ಬಯಾಸ್ (ಪಿಸಿ ಆನ್ ಆಗುವಾಗ ಸಿಗುವ ಸೆಟ್ಟಿಂಗ್ ಪುಟ) ಒಳಗೆ ಹೋಗಿ, “ಆಫ್ಟರ್ ಪವರ್ ಲಾಸ್” ಅಥವಾ “ಎಸಿ ರಿಕವರಿ” ಅಂತ ಇರುವ ಕಡೆ “ಪವರ್ ಆನ್” ಆರಿಸಿ. ಕರೆಂಟು ಬಂದ ಕೂಡಲೇ ಪಿಸಿ ತಾನಾಗಿ ಎದ್ದುಕೊಳ್ಳುತ್ತದೆ, ನಿಮ್ಮ ತಂದೆಯವರು ಗುಂಡಿ ಹುಡುಕಬೇಕಿಲ್ಲ. ವೈಫೈ ರೂಟರನ್ನೂ ಅದೇ ಇನ್ವರ್ಟರ್ ಲೈನಿಗೆ ಹಾಕಿಸಿ. ಇಂಟರ್ನೆಟ್ ಸತ್ತರೂ ರೂಟರ್ ಬದುಕಿದ್ದರೆ ಫೋನಿಗೂ ಸರ್ವರಿಗೂ ಸಂಪರ್ಕ ಇರುತ್ತದೆ.

ಸಾಫ್ಟ್‌ವೇರ್: ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಲಿರಿಯಾನ್ ಮ್ಯೂಸಿಕ್ ಸರ್ವರ್. ಇದು ಹಳಬರಿಗೆ ಲಾಜಿಟೆಕ್ ಮೀಡಿಯಾ ಸರ್ವರ್ ಅಂತ ಗೊತ್ತು. ಲಾಜಿಟೆಕ್ 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಅನ್ನುವ, ಈ ಸರ್ವರಿನ ಹಾಡು ನುಡಿಸುವ ಪೆಟ್ಟಿಗೆಗಳನ್ನು ಮಾಡುವುದು ನಿಲ್ಲಿಸಿತು. ಆದರೆ ಸರ್ವರ್ ಮುಕ್ತ ತಂತ್ರಾಂಶ ಆದ್ದರಿಂದ ಬಳಸುವವರೇ ಅದನ್ನು ಉಳಿಸಿಕೊಂಡು ಬಂದರು. ಲಿರಿಯಾನ್ ಅನ್ನುವ ಹೆಸರು 2024ರದ್ದು. ಅದೇ ಪಿಸಿಯಲ್ಲಿ ಸ್ಕ್ವೀಜ್‌ಲೈಟ್ ಅನ್ನುವ ಚಿಕ್ಕ ಪ್ಲೇಯರನ್ನೂ ಹಾಕಿ. ಪಿಸಿಯಿಂದ ಒಂದು ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಂಕೇತ ಮಾಡುವ ಪುಟ್ಟ ಪೆಟ್ಟಿಗೆ), ಡ್ಯಾಕ್‌ನಿಂದ ಆಂಪ್ಲಿಫೈಯರಿನ ಆಕ್ಸ್‌ಗೆ ವೈರು. ಮೆಟೀರಿಯಲ್ ಸ್ಕಿನ್ ಅನ್ನುವ ಪ್ಲಗಿನ್ ಹಾಕಿದರೆ ಫೋನಿನ ಬ್ರೌಸರಿನಲ್ಲೇ ಅಂದವಾದ ಪುಟ ಬರುತ್ತದೆ. ಅದನ್ನು ಹೋಮ್ ಸ್ಕ್ರೀನಿಗೆ ಸೇರಿಸಿ ಕೊಟ್ಟರೆ ಅವರ ಪಾಲಿಗೆ ಅದೂ ಒಂದು ಆ್ಯಪ್. ಪಿಸಿ ಮತ್ತು ಆಂಪ್ಲಿಫೈಯರ್ ಒಂದೇ ಬೋರ್ಡಿನಲ್ಲಿರಲಿ, ಅರ್ಥಿಂಗ್ ಸರಿ ಇರಲಿ. ಇಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆ.

ಸಿಡಿಗಳನ್ನು ಫ್ಲಾಕ್ (ಸದ್ದಿನ ಗುಣ ಒಂಚೂರೂ ಕಳೆಯದ ಫೈಲ್ ಬಗೆ) ಆಗಿಯೇ ಇಳಿಸಿ, ಎಂಪಿ3 ಬೇಡ. ಬರೀ ಸದ್ದಿನ ಗುಣಕ್ಕೋಸ್ಕರ ಹೇಳುತ್ತಿಲ್ಲ. ಕಛೇರಿಯ ಸಿಡಿಗಳಲ್ಲಿ ಆಲಾಪನೆ, ಕೃತಿ, ತನಿ ಆವರ್ತನ ಬೇರೆ ಬೇರೆ ಟ್ರ್ಯಾಕ್ ಆಗಿರುತ್ತವೆ, ಆದರೆ ನಡುವೆ ಸಂಗೀತ ನಿಂತಿರುವುದಿಲ್ಲ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಮೊದಲಿಗೂ ಕೊನೆಗೂ ಒಂದಿಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ. ಅದನ್ನು ಸರಿಯಾಗಿ ಕಳೆಯದ ಪ್ಲೇಯರಿನಲ್ಲಿ ಟ್ರ್ಯಾಕ್ ಬದಲಾಗುವಾಗ ತಡೆದಂತಾಗುತ್ತದೆ. ತಾಳ ಹಾಕಿಕೊಂಡು ಕೇಳುವವರಿಗೆ ಅಲ್ಲಿ ಕೈ ತಪ್ಪಿಹೋಗುತ್ತದೆ. ನನಗಂತೂ ಇದು ಸಹಿಸಲಾಗದ ವಿಷಯ. ಫ್ಲಾಕ್‌ನಲ್ಲಿ ಆ ಖಾಲಿ ಜಾಗವೇ ಇರುವುದಿಲ್ಲ. ವಿಂಡೋಸ್‌ನಲ್ಲಿ ಇಳಿಸುವುದಾದರೆ ಎಕ್ಸಾಕ್ಟ್ ಆಡಿಯೋ ಕಾಪಿ ಬಳಸಿ. ಗೀರು ಬಿದ್ದ ಕಡೆ ಮತ್ತೆ ಮತ್ತೆ ಓದಿ ಸರಿ ನೋಡುತ್ತದೆ. ಒಂದು ಗಂಟೆಯ ಸಿಡಿ ಫ್ಲಾಕ್‌ನಲ್ಲಿ 300ರಿಂದ 400 ಎಂಬಿ. ನಿಮ್ಮ ಸಿಡಿ, ಕ್ಯಾಸೆಟ್ ಎಲ್ಲ ಸೇರಿ 200 ಜಿಬಿ ಆಸುಪಾಸು ಆಗಬಹುದು. 500 ಜಿಬಿ ಎಸ್‌ಎಸ್‌ಡಿ ಧಾರಾಳ.

ಈಗ ನಿಜವಾದ ಕೆಲಸ, ಹೆಸರು ಹಾಕುವುದು. ಇದಕ್ಕೆ ಯಂತ್ರಕ್ಕಿಂತ ಜಾಸ್ತಿ ಮನಸ್ಸು ಕೊಡಿ. ಖಂಡಿತ ಕನ್ನಡದಲ್ಲೇ ಹಾಕಿ, ಲಿರಿಯಾನ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಇನ್ನೂ ಒಂದು ಲಾಭ ಇದೆ. ಫೋನಿನ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅಕ್ಷರ ಮೂಡುತ್ತದೆ, ಹೆಸರು ಕನ್ನಡದಲ್ಲಿದ್ದರೆ ಹುಡುಕಾಟ ಅಲ್ಲೇ ಮುಗಿಯಿತು. ಆ ಧ್ವನಿ ಟೈಪಿಂಗ್‌ಗೆ ಇಂಟರ್ನೆಟ್ ಬೇಕಾಗಬಹುದು, ಅದೊಂದು ನೆನಪಿರಲಿ.

ಆದರೆ ಕಾಗುಣಿತ ಒಂದೇ ಥರ ಇರಬೇಕು. ಕಾಂಬೋಧಿ, ಕಾಂಭೋಜಿ, ಕಾಂಬೋಜಿ, ಮೂರೂ ಚಾಲ್ತಿಯಲ್ಲಿವೆ. ಮೂರನ್ನೂ ಬಳಸಿದರೆ ಸರ್ವರಿಗೆ ಅವು ಮೂರು ರಾಗ. ಶುರು ಮಾಡುವ ಮೊದಲೇ ಕಲಾವಿದರು, ರಾಗಗಳು, ಭಾಗವತರು ಅಂತ ಒಂದು ಪಟ್ಟಿ ಬರೆದಿಟ್ಟುಕೊಳ್ಳಿ, ಅದರಿಂದಲೇ ಕಾಪಿ ಮಾಡಿ ಹಾಕಿ. ಮ್ಯಾಕ್‌ನಿಂದ ಬಂದ ಹಳೇ ಫೈಲುಗಳಿದ್ದರೆ ಅವುಗಳ ಹೆಸರನ್ನು ಇನ್ನೊಮ್ಮೆ ನೋಡಿ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ‘ಕೋ’, ‘ಕೇ’ಯಂಥ ಅಕ್ಷರಗಳ ಸ್ವರಚಿಹ್ನೆಯನ್ನು ಬಿಡಿಸಿ ಇಡುತ್ತಿತ್ತು. ಕಣ್ಣಿಗೆ ಒಂದೇ ಥರ ಕಂಡರೂ ಕಂಪ್ಯೂಟರಿಗೆ ಅದು ಬೇರೆ ಹೆಸರು.

ರಾಗವನ್ನು ನಾನು ಫೈಲಿನ ಮಾಹಿತಿಯ ‘ಜಾನ್ರ’ (ಸಂಗೀತದ ಬಗೆ) ಜಾಗದಲ್ಲಿ ಹಾಕುತ್ತೇನೆ. “ಕ್ಲಾಸಿಕಲ್” ಅಂತ ಎಲ್ಲದಕ್ಕೂ ಹಾಕಿದರೆ ಏನು ಉಪಯೋಗ? ತೋಡಿ ಒತ್ತಿದರೆ ಮನೆಯಲ್ಲಿರುವ ತೋಡಿಯೆಲ್ಲ ಸಾಲಾಗಿ ಬರಬೇಕು. ರಚನಕಾರರು ‘ಕಂಪೋಸರ್’ ಜಾಗಕ್ಕೆ. ಪಕ್ಕವಾದ್ಯದವರನ್ನು ದಯವಿಟ್ಟು ಬಿಡಬೇಡಿ, ‘ಬ್ಯಾಂಡ್’ ಜಾಗದಲ್ಲಿ ಹಾಕಿ. ಸಿಡಿ ಮಾಹಿತಿ ಇಂಟರ್ನೆಟ್‌ನಿಂದ ತಾನಾಗಿ ಬಂದರೆ ಅದರಲ್ಲಿ ಮೃದಂಗ, ಪಿಟೀಲು ನುಡಿಸಿದವರ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಸಿಡಿಯ ಜೊತೆಗಿರುವ ಕಾಗದ ನೋಡಿ ಕೈಯಲ್ಲೇ ಬರೆಯಬೇಕು.

ಯಕ್ಷಗಾನಕ್ಕೆ ಪ್ರಸಂಗ ಆಲ್ಬಂ ಆಗಲಿ, ಭಾಗವತರು ಕಲಾವಿದರ ಜಾಗದಲ್ಲಿರಲಿ. ಒಂದೇ ಪ್ರಸಂಗ ಎರಡು ಮೂರು ಕ್ಯಾಸೆಟ್ ಇದ್ದರೆ ‘ಡಿಸ್ಕ್ ನಂಬರ್’ ಹಾಕಿ, ಇಲ್ಲದಿದ್ದರೆ ಯುದ್ಧ ಮುಗಿದ ಮೇಲೆ ಶುರುವಿನ ಒಡ್ಡೋಲಗ ಬಂದೀತು. ಮನೆಯ ರೆಕಾರ್ಡಿಂಗ್‌ಗಳಿಗೆ ಊರು, ಸುಮಾರು ಯಾವ ವರ್ಷ, ಯಾರು ಯಾವ ಪಾತ್ರದ ಅರ್ಥ ಹೇಳಿದರು, ಇವನ್ನು ‘ಕಾಮೆಂಟ್’ನಲ್ಲಿ ಬರೆಯಿರಿ. ಇದನ್ನು ನಿಮ್ಮ ತಂದೆಯವರ ಪಕ್ಕ ಕೂತೇ ಮಾಡಿ. ದನಿ ಕೇಳಿ ಹೆಸರು ಹೇಳಬಲ್ಲವರು ಅವರೊಬ್ಬರೇ ಅಲ್ವಾ?

ಬೆಂಗಳೂರಿಂದ ಕೇಳಲು ಅದೇ ಪಿಸಿಯಲ್ಲಿ ನ್ಯಾವಿಡ್ರೋಮ್ ಅನ್ನುವ ಇನ್ನೊಂದು ಮ್ಯೂಸಿಕ್ ಸರ್ವರ್ ಹಾಕಿ, ಅದೇ ಫೋಲ್ಡರ್ ತೋರಿಸಿ. ಅದು ಫ್ಲಾಕನ್ನು ದಾರಿಯಲ್ಲೇ ಓಪಸ್ (ಚಿಕ್ಕ ಗಾತ್ರದ ಫೈಲ್ ಬಗೆ) ಮಾಡಿ ಕಳಿಸಬಲ್ಲದು, ಹಾಗಾಗಿ ಹಳ್ಳಿಯ ಇಂಟರ್ನೆಟ್‌ಗೂ ಭಾರ ಆಗುವುದಿಲ್ಲ. ರೂಟರಿನಲ್ಲಿ ಪೋರ್ಟ್ (ಹೊರಗಿನವರು ಒಳಬರುವ ಬಾಗಿಲು) ತೆರೆಯಲು ಹೋಗಬೇಡಿ. ಟೇಲ್‌ಸ್ಕೇಲ್ ಅನ್ನುವ ಖಾಸಗಿ ಸಂಪರ್ಕದ ಆ್ಯಪನ್ನು ಪಿಸಿಗೂ ನಿಮ್ಮ ಫೋನಿಗೂ ಹಾಕಿದರೆ ನಿಮ್ಮ ಮನೆಯವರಿಗೆ ಮಾತ್ರ ದಾರಿ ಇರುತ್ತದೆ.

ಟೇಪ್_ಡೆಕ್:

ಖಂಡಚಾಪು ಸರ್ ಹೇಳಿದ್ದೆಲ್ಲ ಸರಿ. ನಾನು ಕುಂದಾಪುರ ಕಡೆಯವನು. ಕ್ಯಾಸೆಟ್ ಬಗ್ಗೆ ಮಾತ್ರ ಸೇರಿಸುತ್ತೇನೆ.

ಕರಾವಳಿಯ ತೇವಕ್ಕೆ ಕ್ಯಾಸೆಟ್ ಸುರುಳಿಯ ಮೇಲೆ ಬಿಳಿ ಬೂಷ್ಟು ಬಂದಿರುತ್ತದೆ. ಅಂಥದನ್ನು ಹಾಗೇ ಹಾಕಬೇಡಿ, ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬೇರೆ ಇಡಿ, ಕೊನೆಗೆ ನೋಡಿಕೊಳ್ಳೋಣ. ಒಳಗಿನ ಸ್ಪಂಜಿನ ಪ್ಯಾಡ್ ಬಿದ್ದುಹೋಗಿದ್ದರೆ ಟೇಪನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಡಬ್ಬಿಗೆ ಬದಲಾಯಿಸಬಹುದು. ಪ್ರತಿ ಕ್ಯಾಸೆಟ್ಟನ್ನೂ ತುಂಬಿಸುವ ಮೊದಲು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಪೂರ್ತಿ ಓಡಿಸಿ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಿಂದ ಒರೆಸುತ್ತಾ ಇರಿ.

ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಚಿಕ್ಕ ಸ್ಕ್ರೂ ಇದೆ, ಅದು ಆಜಿಮತ್, ಅಂದರೆ ಹೆಡ್ಡಿನ ಓರೆ, ಸರಿಪಡಿಸುವ ಸ್ಕ್ರೂ. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳು ಬೇರೆ ಡೆಕ್ಕಿನಲ್ಲಿ ಮಂಕಾಗಿ ಕೇಳುವುದು ಹೆಚ್ಚಾಗಿ ಇದರಿಂದಲೇ. ತಾಳದ ಸದ್ದು ಬರುವ ಕಡೆ ಹಾಕಿ, ಆ ಸ್ಕ್ರೂವನ್ನು ತುಸು ತುಸುವೇ ತಿರುಗಿಸಿ. ತಾಳದ ಕಂಚು ಅತಿ ಸ್ಪಷ್ಟವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಡೆಕ್ಕಿನ ಲೈನ್-ಔಟ್‌ನಿಂದ ಆ ನೀಲಿ ಲೈನ್-ಇನ್‌ಗೆ ವೈರು, ಅಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್. ಗುಲಾಬಿ ತೂತು ಮೈಕಿನದು, ಅದಕ್ಕೆ ಹಾಕಿದರೆ ಸದ್ದು ಒಡೆಯುತ್ತದೆ.

ವೇಗವನ್ನೂ ನೋಡಿ. ಡೆಕ್ಕಿನ ಮೋಟಾರು ನೂರಕ್ಕೆ ಮೂರರಷ್ಟು ವೇಗವಾಗಿ ಓಡಿದರೂ ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಂನ ಅರ್ಧ ಮನೆಯಷ್ಟು ಮೇಲೆ ಹೋಗುತ್ತದೆ. ಭಾಗವತರ ಶ್ರುತಿ ಯಾವುದು ಅಂತ ಗೊತ್ತಿದ್ದರೆ ಹಾರ್ಮೋನಿಯಂ ಹಿಡಿದು ಹೋಲಿಸಿ. ಮತ್ತೆ, ನಾಯ್ಸ್ ರಿಡಕ್ಷನ್ ಮೇಲೆ ಕೈ ಇಡಬೇಡಿ. ಟೇಪಿನ ಸುಯ್ ಅನ್ನುವ ಸದ್ದಿನ ಜೊತೆಗೆ ಚಂಡೆಯ ತುದಿ, ತಾಳದ ನಾದ ಎರಡೂ ಹೋಗುತ್ತವೆ. ಹಾಗೆ ಸವರಿದ ಎಷ್ಟೋ ರೆಕಾರ್ಡಿಂಗ್ ಕೇಳಿ ನನಗೆ ಸಂಕಟವಾಗಿದೆ. ಮೂಲವನ್ನು ಇದ್ದ ಹಾಗೇ ಫ್ಲಾಕ್ ಮಾಡಿ ಇಡಿ.

ಶರಾವತಿ_ದಂಡೆ:

ಇಬ್ಬರಿಗೂ ಹೃದಯದಿಂದ ಧನ್ಯವಾದ. ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಪಟ್ಟಿ ಬರೆಯುವ ಕೆಲಸ ತಮಗೇ ಬಿಡಬೇಕು ಅಂದರು, ಹಳೇ ಡೈರಿ ಹುಡುಕುತ್ತಿದ್ದಾರಂತೆ. ಒಂದೇ ಪ್ರಶ್ನೆ ಉಳಿದಿದೆ. ಎರಡು ಡಿಸ್ಕ್ ಹಾಕಿ ರೇಯ್ಡ್ (ಎರಡರಲ್ಲೂ ಒಂದೇ ಮಾಹಿತಿ ಇರುವ ಜೋಡಣೆ) ಮಾಡಿದರೆ ಬ್ಯಾಕಪ್ ಚಿಂತೆ ಇಲ್ಲ ಅಂತ ಇಲ್ಲಿ ಆಫೀಸಿನಲ್ಲಿ ಒಬ್ಬರು ಹೇಳಿದರು. ಹೌದಾ?

ಖಂಡಚಾಪು:

ಇಲ್ಲ ಮೇಡಂ. ರೇಯ್ಡ್ ಇದ್ದರೆ ಒಂದು ಡಿಸ್ಕ್ ಸತ್ತರೂ ಹಾಡು ನಿಲ್ಲುವುದಿಲ್ಲ, ಅಷ್ಟೇ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಸಿಡಿಲು ಬಡಿದರೂ ಎರಡೂ ಒಂದೇ ಡಬ್ಬಿಯಲ್ಲಿವೆ. ಅದರ ಬದಲು ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ. ಒಂದು ಊರಲ್ಲಿ, ಕಪಾಟಿನೊಳಗೆ, ವೈರು ಕಳಚಿ. ಇನ್ನೊಂದು ನಿಮ್ಮ ಹತ್ತಿರ ಬೆಂಗಳೂರಲ್ಲಿ. ಊರಿಗೆ ಹೋದಾಗಲೆಲ್ಲ ಒಯ್ದು ಆರ್‌ಸಿಂಕ್ (ಫೈಲುಗಳನ್ನು ನಕಲು ಮಾಡುವ ಸಾಫ್ಟ್‌ವೇರ್) ಓಡಿಸಿ ಅದಲು ಬದಲು ಮಾಡಿ. ಆರ್‌ಸಿಂಕ್‌ಗೆ ‘ಡಿಲೀಟ್’ ಆಯ್ಕೆ ಕೊಡಬೇಡಿ, ಸರ್ವರಿನಲ್ಲಿ ಅಳಿಸಿಹೋದದ್ದು ಬ್ಯಾಕಪ್‌ನಲ್ಲಿ ಉಳಿದಿರಲಿ. ಸಿಡಿಗಳು ಹೋದರೆ ಮತ್ತೆಲ್ಲಾದರೂ ಸಿಕ್ಕಾವು. ಹಾಗಾಗಿ ದೇವಸ್ಥಾನದ ಕೂಟದ ಕ್ಯಾಸೆಟ್ಟುಗಳಿಂದಲೇ ಶುರು ಮಾಡಿ. ಬೂಷ್ಟು ಹಿಡಿದವನ್ನು ಬಿಟ್ಟು ಉಳಿದವನ್ನು ಈ ಮಳೆಗಾಲದ ಮೊದಲೇ ಇಳಿಸಿಬಿಡಿ.