ಎಂಟೂ ಎಂಎಲ್‌ಎಗಳು ದಳದವರು, ಆದ್ರೂ 2019ರಲ್ಲಿ ಮಂಡ್ಯದಲ್ಲಿ ದಳ ಸೋತಿದ್ದು ಯಾಕೆ?

ಶಿಂಷಾ ದಡ:

ನಾನು ಮದ್ದೂರು ಕಡೆಯವಳು. ಎಂಎ ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಕ್ಷೇತ್ರ ಅಧ್ಯಯನಕ್ಕೆ ಅಂತ ನಮ್ಮ ಹೋಬಳಿಯ ಊರುಗಳಲ್ಲಿ ಮನೆ ಮನೆಗೆ ಹೋಗಿ ಜನರನ್ನು ಮಾತಾಡಿಸುತ್ತಿದ್ದೇನೆ. ಮೊದಲ ಪ್ರಶ್ನೆ "ನೀವು ಯಾವ ಪಕ್ಷದೋರು?" ಅಂತ. ತುಂಬಾ ಮನೆಗಳಲ್ಲಿ ಒಂದು ಕ್ಷಣವೂ ಯೋಚಿಸದೆ "ನಾವು ದಳದೋರು" ಅನ್ನುತ್ತಾರೆ, ಅಂದರೆ ಜೆಡಿಎಸ್. ಆಮೇಲೆ "2019ರಲ್ಲಿ ಎಂಪಿ ಎಲೆಕ್ಷನ್‌ಗೆ ಯಾರಿಗೆ ಹಾಕಿದ್ರಿ?" ಅಂದರೆ "ಸುಮಲತಾಗೆ." 2023ರಲ್ಲಿ? "ಆ ಸಲ ಕೈಗೆ ಹಾಕಿದ್ವಿ." 2024ರಲ್ಲಿ? "ಕುಮಾರಣ್ಣಂಗೆ." ಹಾಗಾದರೆ ಈಗ ಯಾವ ಪಕ್ಷ ಅಂದರೆ, "ದಳದೋರೇ, ಇನ್ಯಾರು?" ಅಂತ ನನ್ನನ್ನೇ ಕೇಳುತ್ತಾರೆ.

ಲೆಕ್ಕವೂ ಹಾಗೇ ಇದೆ. 2018ರ ಮೇನಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ವಿಧಾನಸಭಾ ಸೀಟು ದಳಕ್ಕೆ ಬಂದವು. ಜಿಲ್ಲೆಯ ಏಳು, ಜೊತೆಗೆ ಕೆ.ಆರ್. ನಗರ. ಮುಂದಿನ ವರ್ಷ ದಳದ ಕುಮಾರಸ್ವಾಮಿಯೇ ಮುಖ್ಯಮಂತ್ರಿ, ಅವರ ಮಗ ನಿಖಿಲ್ ಕುಮಾರಸ್ವಾಮಿಯೇ ಅಭ್ಯರ್ಥಿ, ಕಾಂಗ್ರೆಸ್ ಬೆಂಬಲ ಬೇರೆ. ಆದರೂ ಪಕ್ಷೇತರರಾಗಿ ನಿಂತ ಸುಮಲತಾ 1,25,876 ಮತಗಳಿಂದ ಗೆದ್ದರು.

ಇದಕ್ಕೆ "ಜನರಿಗೆ ನಿಷ್ಠೆ ಇಲ್ಲ" ಅಂತ ಕೆಲವರು ಹೇಳುತ್ತಾರೆ. ನಾನು ಮಾತಾಡಿಸಿದ ಜನರನ್ನು ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಈ ಪಕ್ಷದ ಗುರುತು ಗೆಲುವಾಗಿ ಯಾಕೆ ಬದಲಾಗುವುದಿಲ್ಲ? ಚುನಾವಣೆ ಕೆಲಸ ಮಾಡಿ ಗೊತ್ತಿರುವವರು ಹೇಳಿ.

ಹಳೇ ಬೂತ್ ಏಜೆಂಟ್:

ನಮ್ಮದು ನಾಗಮಂಗಲ ತಾಲ್ಲೂಕು. ಬಹಳ ವರ್ಷ ಬೂತ್‌ನಲ್ಲಿ ಕೂತಿದ್ದೇನೆ. ಯಾವ ಪಕ್ಷಕ್ಕೆ ಅಂತ ಇಲ್ಲಿ ಬೇಡ. ನಿಮ್ಮ ಅನುಮಾನ ಸರಿ ಇದೆ. ಆ ಜನ ನಿಜವನ್ನೇ ಹೇಳುತ್ತಿದ್ದಾರೆ.

ಚುನಾವಣೆಗೆ ಮುಂಚೆ ನಾವು ಮತದಾರರ ಪಟ್ಟಿ ಹಿಡಿದು ಗುರುತು ಹಾಕುತ್ತೇವೆ. ಈ ಮನೆ ನಮ್ಮದು, ಈ ಮನೆ ಅವರದು, ಇದು ಹೇಳಕ್ಕಾಗಲ್ಲ. ಈ ಗುರುತು ಹುಟ್ಟುವುದು ಎಂಎಲ್‌ಎ ಎಲೆಕ್ಷನ್‌ನಲ್ಲಿ ಅಲ್ಲ. ಡೈರಿ ಎಲೆಕ್ಷನ್‌ನಲ್ಲಿ, ಸೊಸೈಟಿ ಎಲೆಕ್ಷನ್‌ನಲ್ಲಿ, ಗ್ರಾಮ ಪಂಚಾಯ್ತಿಯಲ್ಲಿ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೆ ಯಾವ ಗುಂಪು ದಳ, ಯಾವ ಗುಂಪು ಕಾಂಗ್ರೆಸ್ ಅಂತ ಊರಿಗೆಲ್ಲ ಗೊತ್ತು. ಯಾರಿಗೆ ಮನೆ ಮಂಜೂರಾಯಿತು, ಯಾರ ಬೀದಿಗೆ ಚರಂಡಿ ಬಂತು, ಎಲ್ಲ ಅದರಲ್ಲೇ ಸೇರಿಕೊಂಡಿದೆ. ಹಾಗಾಗಿ ನಮ್ಮ ಕಡೆ "ನಾವು ದಳದೋರು" ಅಂದರೆ ಅರ್ಧ ಅರ್ಥ ದೇವೇಗೌಡರ ಮೇಲಿನ ಪ್ರೀತಿ. ಇನ್ನರ್ಧ "ಪಕ್ಕದ ಬೀದಿಯ ಕಾಂಗ್ರೆಸ್ಸಿನವರ ಜೊತೆ ನಾವಿಲ್ಲ" ಅಂತ. ಆ ಕಡೆಯವರಿಗೂ ಹಾಗೇ.

2019ರಲ್ಲಿ ಬೆಂಗಳೂರಿನಲ್ಲಿ ಕೂತು ದಳ, ಕಾಂಗ್ರೆಸ್ ಎರಡನ್ನೂ ಕೂಡಿಸಿಬಿಟ್ಟರು. ಸರ್ಕಾರ ನಡೆಸಲು ಅದು ಬೇಕಿತ್ತು, ನಿಜ. ಆದರೆ ಊರಲ್ಲಿ ಅದರ ಅರ್ಥ ಏನಾಯಿತು? ಮತಯಂತ್ರದ ಮೇಲೆ ಕೈ ಗುರುತು ಇರಲಿಲ್ಲ. ಬಿಜೆಪಿ ಸುಮಲತಾ ಅವರಿಗೆ ಬೆಂಬಲ ಕೊಟ್ಟಿದ್ದರಿಂದ ಕಮಲವೂ ಇರಲಿಲ್ಲ. ಜನ್ಮವಿಡೀ ದಳದ ವಿರುದ್ಧ ಓಟು ಹಾಕಿದ ಕಾಂಗ್ರೆಸ್ಸಿನವನ ಮುಂದೆ ದಳದ ತೆನೆ ಹೊತ್ತ ಮಹಿಳೆ ಮತ್ತು ಸುಮಲತಾ ಅವರ ಕಹಳೆ ಊದುವ ರೈತ, ಇವೆರಡೇ ಉಳಿದವು. ಅವನು ಪಕ್ಷ ಬಿಡಲಿಲ್ಲ. ಅವನ ಪಕ್ಷವೇ ಅವತ್ತು ಯಂತ್ರದ ಮೇಲಿರಲಿಲ್ಲ, ಅಷ್ಟೇ. ಕಾಂಗ್ರೆಸ್ ಬಾವುಟ ಹಿಡಿದುಕೊಂಡೇ ಸುಮಲತಾ ಅವರ ಸಭೆಗೆ ಹೋದವರನ್ನು ನಾನು ನೋಡಿದ್ದೇನೆ. ಅದರಲ್ಲಿ ಅವರಿಗೆ ಯಾವ ಮುಜುಗರವೂ ಇರಲಿಲ್ಲ. ಸುಮಲತಾ ಅವರ ಗಂಡ, ನಟ ಅಂಬರೀಶ್ ಮೂರು ಸಲ ಮಂಡ್ಯದ ಎಂಪಿ. ಮೊದಲ ಸಲ ಜನತಾದಳದಿಂದ, ಆಮೇಲೆ ಎರಡು ಸಲ ಕಾಂಗ್ರೆಸ್ಸಿನಿಂದ. ಅವರು ತೀರಿಕೊಂಡಿದ್ದು 2018ರ ನವೆಂಬರ್‌ನಲ್ಲಿ. ಚುನಾವಣೆ ಏಪ್ರಿಲ್‌ನಲ್ಲಿ. ಆ ದುಃಖ ಎರಡೂ ಬೀದಿಗಳಲ್ಲಿತ್ತು.

ಇನ್ನೊಂದು ಸಂಗತಿ ನಿಮ್ಮ ಬರಹದಲ್ಲಿ ಖಂಡಿತ ಇರಲಿ. 2018ರ ನವೆಂಬರ್‌ನಲ್ಲಿ ಮಂಡ್ಯ ಲೋಕಸಭೆಗೆ ಉಪಚುನಾವಣೆ ನಡೆಯಿತು. ಆಗಲೂ ಇದೇ ಮೈತ್ರಿ. ದಳದ ಎಲ್.ಆರ್. ಶಿವರಾಮೇಗೌಡ ಮೂರು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಮೈತ್ರಿ ಗಟ್ಟಿಯಾಗಿದೆ ಅಂತ ಎಲ್ಲರೂ ಅಂದುಕೊಂಡರು. ಆದರೆ ಅವರಿಗೆ ಬಿದ್ದಿದ್ದು ಸುಮಾರು 5 ಲಕ್ಷ 69 ಸಾವಿರ ಮತ. ಆರು ತಿಂಗಳ ನಂತರ ಸೋತ ನಿಖಿಲ್‌ಗೆ ಬಿದ್ದಿದ್ದು 5 ಲಕ್ಷ 77 ಸಾವಿರ. ಸೋತವರಿಗೇ ಜಾಸ್ತಿ! ವ್ಯತ್ಯಾಸ ಎಲ್ಲಿ ಬಂತು? ಉಪಚುನಾವಣೆ ದಿನ ಕ್ಷೇತ್ರದ ಅರ್ಧದಷ್ಟು ಜನ ಮನೆಯಲ್ಲೇ ಇದ್ದರು. ಏಪ್ರಿಲ್‌ನಲ್ಲಿ ಮತದಾನ ನೂರಕ್ಕೆ 80 ದಾಟಿತು. ಮೊದಲು ಸುಮ್ನೆ ಕೂತಿದ್ದವರು ಎದ್ದು ಬಂದರು. ದಳವನ್ನು ಒಪ್ಪದವರಿಗೆ ಓಟು ಹಾಕಲು ಒಬ್ಬರು ಸಿಕ್ಕಿದ್ದರು. ಸುಮಲತಾ ಹೆಸರಿನ ಬೇರೆ ಮೂವರು ಕಣದಲ್ಲಿದ್ದರೂ ಜನ ಕಹಳೆಯನ್ನು ಹುಡುಕಿ ಒತ್ತಿದರು.

ದಳದ ಮನೆಗಳಲ್ಲೂ ಬಿರುಕಿತ್ತು. 2018ರ ವಿಧಾನಸಭೆಯಲ್ಲಿ ಈ ಎಂಟು ಕ್ಷೇತ್ರಗಳಲ್ಲಿ ದಳಕ್ಕೆ ಬಿದ್ದ ಮತ ಕೂಡಿದರೆ 7 ಲಕ್ಷ ದಾಟುತ್ತದೆ. ಕಾಂಗ್ರೆಸ್ ಬೆಂಬಲ ಸೇರಿಯೂ 2019ರಲ್ಲಿ ಅಷ್ಟು ಬರಲಿಲ್ಲ. ಎಂಎಲ್‌ಎಗೆ ದಳ ಅಂದವನು ಎಂಪಿಗೂ ದಳ ಅನ್ನಲೇಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ.

2024ರಲ್ಲಿ ಇದೇ ಮಂಡ್ಯದಲ್ಲಿ ಕುಮಾರಸ್ವಾಮಿ 2.84 ಲಕ್ಷ ಮತಗಳ ಅಂತರದಿಂದ ಗೆದ್ದರು. ಅದಕ್ಕೆ ಒಂದೇ ವರ್ಷ ಮುಂಚೆ ಜಿಲ್ಲೆಯ ಏಳರಲ್ಲಿ ದಳಕ್ಕೆ ಉಳಿದಿದ್ದು ಕೆ.ಆರ್. ಪೇಟೆ ಒಂದೇ. ಹೇಗಾಯಿತು? ನನ್ನ ಪ್ರಕಾರ, ಈ ಸಲ ದಳದ ಜೊತೆಗಿದ್ದಿದ್ದು ಬಿಜೆಪಿ. ನಮ್ಮ ಹಳ್ಳಿಗಳಲ್ಲಿ ಬಿಜೆಪಿಗೂ ದಳಕ್ಕೂ ಡೈರಿ ಜಗಳ ಇರಲಿಲ್ಲ. ಎದುರಿಗೆ ಕಾಂಗ್ರೆಸ್ಸೇ ಇತ್ತು. ಹಳೇ ಗುರುತು ಮತ್ತೆ ಸರಿಯಾಗಿ ಕೂತಿತು. ಮೈತ್ರಿ ಮಾಡುವ ನಾಯಕರು ಇದನ್ನು ಮೊದಲು ಹಳ್ಳಿಗೆ ಬಂದು ಕೇಳಬೇಕು. ಕೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು.

ಅಂಕಿ ಅಂಶ:

ಮೇಲಿನವರು ಒಂದು ಕ್ಷೇತ್ರದ ಒಳಗಿನದನ್ನು ಚೆನ್ನಾಗಿ ಹೇಳಿದ್ದಾರೆ. ಇಡೀ ರಾಜ್ಯದಲ್ಲಿ ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ನಮ್ಮವರು ಎಷ್ಟು ಜನ ಅನ್ನುವುದರಷ್ಟೇ ಮುಖ್ಯ, ಅವರು ಎಲ್ಲಿದ್ದಾರೆ ಅನ್ನುವುದು.

2018ರಲ್ಲಿ ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36 ಮತ. ಆರು ಲಕ್ಷಕ್ಕೂ ಜಾಸ್ತಿ ಮತ ಕಾಂಗ್ರೆಸ್ಸಿಗೆ. ಸೀಟು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80. ಹಾಸನ ಮತ್ತು ಮಂಡ್ಯ ಜಿಲ್ಲೆಗಳ 14 ಕ್ಷೇತ್ರ, ದಕ್ಷಿಣ ಕನ್ನಡ ಮತ್ತು ಉಡುಪಿಯ 13 ಕ್ಷೇತ್ರ ತೆಗೆದುಕೊಳ್ಳಿ. ಒಟ್ಟು 27. ಎಲ್ಲ ಕಡೆ ಕಾಂಗ್ರೆಸ್ಸಿನವರು ಸಾವಿರಾರು ಜನ ಇದ್ದಾರೆ. ಗೆದ್ದಿದ್ದು ಮಂಗಳೂರು ಕ್ಷೇತ್ರ ಒಂದೇ. ಒಂದು ಕಡೆ ದಳ ಮುಂದೆ, ಇನ್ನೊಂದು ಕಡೆ ಬಿಜೆಪಿ ಮುಂದೆ. ಎರಡನೇ ಸ್ಥಾನಕ್ಕೆ ಬಹುಮಾನ ಇಲ್ಲ. ಬಿಜೆಪಿಗೆ ಹಳೇ ಮೈಸೂರಿನಲ್ಲಿ ಮತ ಕಡಿಮೆ, ಹಾಗಾಗಿ ಅಲ್ಲಿ ವ್ಯರ್ಥವಾಗಿದ್ದೂ ಕಡಿಮೆ.

ಇದಕ್ಕಿಂತ ಆಶ್ಚರ್ಯ 2023ರದ್ದು. ಬಿಜೆಪಿಯ ಪಾಲು ಆಗಲೂ ಶೇ 36ರ ಆಸುಪಾಸಿನಲ್ಲೇ ಇತ್ತು. ಅದರ ಬೆಂಬಲಿಗರು ಬಿಟ್ಟು ಹೋಗಲಿಲ್ಲ. ಆದರೂ ಸೀಟು 104ರಿಂದ 66ಕ್ಕೆ ಇಳಿಯಿತು. ಕರಗಿದ್ದು ದಳದ ಮತ, ಶೇ 18ರಿಂದ 13ಕ್ಕೆ. ಅತ್ತ ಕಾಂಗ್ರೆಸ್ ಶೇ 43ರ ಹತ್ತಿರ ಹೋಗಿ 135 ಗೆದ್ದಿತು. ನಿಮ್ಮ ಮತ ನಿಮ್ಮ ಹತ್ತಿರವೇ ಇದ್ದರೂ ಪಕ್ಕದವನ ಮತ ಮೂರನೆಯವನಿಗೆ ಹೋದರೆ ನೀವು ಸೋಲುತ್ತೀರಿ.

ಪುತ್ತೂರಿನವ:

ನಮ್ಮಲ್ಲಿ ಇನ್ನೂ ಬೇರೆ. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಅರುಣ್ ಕುಮಾರ್ ಪುತ್ತಿಲ ಪಕ್ಷೇತರರಾಗಿ ನಿಂತರು. ಅವರಿಗೆ ಎರಡನೇ ಸ್ಥಾನ, ಬಿಜೆಪಿ ಅಭ್ಯರ್ಥಿಗೆ ಮೂರನೇ ಸ್ಥಾನ. ಇಬ್ಬರ ಮತ ಸೇರಿಸಿದರೆ ಲಕ್ಷದ ಹತ್ತಿರ. ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ 66 ಸಾವಿರ ಚಿಲ್ಲರೆ ಮತದಲ್ಲಿ ಗೆದ್ದರು. ಮನೆ ಮನೆಗೆ ಹೋಗಿ ಕೇಳಿದ್ದರೆ ಪುತ್ತೂರು ಆಗಲೂ ಬಿಜೆಪಿಯ ಊರು ಅಂತಲೇ ಉತ್ತರ ಬರುತ್ತಿತ್ತು. ಪುತ್ತಿಲರಿಗೆ ಹಾಕಿದವರಿಗೆ ತಾವು ಪಕ್ಷ ಬಿಟ್ಟಿದ್ದೇವೆ ಅಂತ ಅನ್ನಿಸಿರಲೇ ಇಲ್ಲ. ಪಕ್ಷ ತಪ್ಪು ಮಾಡಿದೆ, ಅದನ್ನು ತಿಳಿಸಬೇಕು ಅಂತಿತ್ತು. ಮರುವರ್ಷ ಪುತ್ತಿಲ ವಾಪಸ್ ಬಿಜೆಪಿಗೆ ಬಂದರು.

ಲೂಯಿವಿಲ್ ಕನ್ನಡಿಗ:

ನಾನಿರುವುದು ಅಮೆರಿಕದ ಕೆಂಟಕಿಯಲ್ಲಿ. ಇಲ್ಲಿ ನೀವು ಯಾವ ಪಕ್ಷದವರು ಅಂತ ಸರ್ಕಾರದಲ್ಲೇ ನೋಂದಾಯಿಸುತ್ತಾರೆ. 2022ರ ಜುಲೈವರೆಗೂ ಇಲ್ಲಿ ಡೆಮಾಕ್ರಟ್ ಅಂತ ಬರೆಸಿದವರೇ ಜಾಸ್ತಿ ಇದ್ದರು. ಆದರೆ 2000ದಿಂದ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಕೆಂಟಕಿ ರಿಪಬ್ಲಿಕನ್ನರಿಗೇ ಹೋಗಿದೆ. ಒಂದು ಕಾರಣ, ನೋಂದಾಯಿಸಿದ ಪಕ್ಷದ ಒಳ ಚುನಾವಣೆಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ) ಮಾತ್ರ ಮತ ಹಾಕಬಹುದು. ಹಳ್ಳಿಗಾಡಿನ ಎಷ್ಟೋ ಕೌಂಟಿಗಳಲ್ಲಿ ಸ್ಥಳೀಯ ಹುದ್ದೆ ಯಾರಿಗೆ ಅನ್ನುವುದು ಡೆಮಾಕ್ರಟಿಕ್ ಒಳ ಚುನಾವಣೆಯಲ್ಲೇ ತೀರ್ಮಾನ ಆಗುತ್ತಿತ್ತು. ಅದಕ್ಕೆ ಜನ ಹಳೇ ಹೆಸರು ಬದಲಿಸಲಿಲ್ಲ. ಈಗ ರಿಪಬ್ಲಿಕನ್ನರು ಜಾಸ್ತಿ ಆಗಿದ್ದಾರೆ. ಆದರೂ 2023ರಲ್ಲಿ ಗವರ್ನರ್ ಆಗಿ ಮತ್ತೆ ಗೆದ್ದಿದ್ದು ಡೆಮಾಕ್ರಟ್ ಆಂಡಿ ಬೆಷೀರ್.

ಶಿಂಷಾ ದಡ:

ಎಲ್ಲರಿಗೂ ಥ್ಯಾಂಕ್ಸ್. ಬೂತ್ ಏಜೆಂಟ್ ಸಾರ್, "ಪಕ್ಕದ ಬೀದಿಯವರ ಜೊತೆ ನಾವಿಲ್ಲ" ಅನ್ನುವುದು ನನ್ನ ಪ್ರಶ್ನಾವಳಿಯಲ್ಲಿ ಎಲ್ಲೂ ಇಲ್ಲ. ಮುಂದಿನ ವಾರ ಉಳಿದ ಊರುಗಳಿಗೆ ಹೋಗುತ್ತೇನೆ. ಏನು ಕೇಳಬೇಕು ಹೇಳ್ತೀರಾ?

ಹಳೇ ಬೂತ್ ಏಜೆಂಟ್:

"ಯಾವ ಪಕ್ಷದೋರು" ಅನ್ನುವ ಪ್ರಶ್ನೆ ಇರಲಿ, ತೆಗೆಯಬೇಡಿ. ಅದರ ಪಕ್ಕದಲ್ಲಿ "ಏನೇ ಆದರೂ ಯಾವ ಪಕ್ಷಕ್ಕೆ ಹಾಕಲ್ಲ?" ಅಂತ ಕೇಳಿ. ಆಮೇಲೆ "ನಿಮ್ಮ ಪಕ್ಷದ ಗುರುತೇ ಯಂತ್ರದ ಮೇಲೆ ಇಲ್ಲದಿದ್ದರೆ ಏನು ಮಾಡುತ್ತೀರಿ?" ಅಂತ. ಪಂಚಾಯ್ತಿ, ಎಂಎಲ್‌ಎ, ಎಂಪಿ, ಮೂರಕ್ಕೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೇಳಿದರೆ ಜನ ಎಂಎಲ್‌ಎ ಲೆಕ್ಕದಲ್ಲೇ ಉತ್ತರ ಕೊಡುತ್ತಾರೆ.

ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಜಗಲಿ ಮೇಲೆ ಗಂಡಸು "ನಾವು ದಳದೋರು" ಅಂದರೆ ಅದು ಇಡೀ ಮನೆಯ ಉತ್ತರ ಅಂತ ಬರೆದುಕೊಳ್ಳಬೇಡಿ. 2019ರಲ್ಲಿ ನಮ್ಮ ಪಟ್ಟಿಯ ಗುರುತು ಜಾಸ್ತಿ ತಪ್ಪಾಗಿದ್ದು ಅಲ್ಲೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಓಟಿಗೆ ಮಾತ್ರ ಊರಿಗೆ ಬರುವವರ ಫೋನ್ ನಂಬರ್ ಮನೆಯವರ ಹತ್ತಿರ ಇಸ್ಕೊಂಡು ಅವರಿಗೂ ಮಾಡಿ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಹೋದರೆ ಎರಡೂ ಗುಂಪಿನವರು ಸಿಗುತ್ತಾರೆ. ಆದರೆ ಅಲ್ಲಿ ಯಾರನ್ನೂ ಎಲ್ಲರ ಮುಂದೆ ಕೇಳಬೇಡಿ. ಪರಿಚಯ ಮಾಡಿಕೊಂಡು, ಆಮೇಲೆ ಮನೆಗೆ ಹೋಗಿ.