ರೀವ್, ಕ್ರಾಸ್ ಡೈಕ್: ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಮಾನ್ಯರೇ, ಪುರಾತತ್ತ್ವದ ಪಠ್ಯವೊಂದರ ಅನುವಾದ ನಾಳಿದ್ದು ಅಚ್ಚಿಗೆ ಹೋಗಬೇಕಾಗಿದ್ದು, ಎರಡು ಪದಗಳು ಉಳಿದುಕೊಂಡಿವೆ. ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟ್‌ಮೂರ್ ಗುಡ್ಡನಾಡಿನಲ್ಲಿ ಕಂಚಿನ ಯುಗದ ಜನ, ಕ್ರಿ.ಪೂ. 1600ರ ಆಸುಪಾಸಿನಲ್ಲಿ, ಕಲ್ಲು ಮಣ್ಣು ಒಟ್ಟಿದ ತಗ್ಗು ದಿಂಡುಗಳಿಂದ ನೆಲವನ್ನು ವಿಭಾಗಿಸಿದ್ದರು. ಇವುಗಳಿಗೆ ಅಲ್ಲಿ ರೀವ್ ಎಂದು ಹೆಸರು. ಕೆಲವು ಸಾಲುಸಾಲಾಗಿ ಸಾಗಿ ಹೊಲಗಳನ್ನು ಬೇರ್ಪಡಿಸಿದರೆ, ಅವುಗಳ ಮೇಲ್ತುದಿಯಲ್ಲಿ ಅಡ್ಡ ಹಾಯ್ದಿರುವ ಇನ್ನೊಂದು ಬಗೆಯದು ಹೊಲಗಳನ್ನು ಎತ್ತರದ ಹುಲ್ಲುಗಾವಲಿನಿಂದ ಬೇರ್ಪಡಿಸುತ್ತದೆ. ಯಾರ್ಕ್‌ಷೈರಿನ ಗುಡ್ಡಗಳ ಕ್ರಾಸ್ ಡೈಕ್ ಎಂದರೆ ಗುಡ್ಡದ ಚಾಚನ್ನು ಅಡ್ಡಲಾಗಿ ಕಡಿದ ತೋಡು ಮತ್ತು ಅದರ ಮಣ್ಣನ್ನೇ ಪಕ್ಕಕ್ಕೆ ಒಟ್ಟಿದ ದಿಬ್ಬ. ಎರಡಕ್ಕೂ ‘ಮಣ್ಣಿನ ಗೋಡೆ’ ಎಂದಿದ್ದೇನೆ, ಸರಿಕಾಣುತ್ತಿಲ್ಲ.

ಉತ್ತರ 1:
ಗೋಡೆ ಖಂಡಿತ ಬೇಡ. ಕೊಡಗಿನಲ್ಲಿ ಬೆಟ್ಟ ಕಾಡುಗಳನ್ನು ಹತ್ತಿಳಿದು ಬಹುದೂರ ಸಾಗುವ ಹಳೆಯ ಆಳದ ತೋಡುಗಳಿಗೆ ಕಡಂಗ ಎನ್ನುತ್ತಾರೆ. ಅಗೆದ ಮಣ್ಣು ಬದಿಯಲ್ಲಿ ದಿಬ್ಬವಾಗಿ ನಿಂತಿರುತ್ತದೆ. ಕ್ರಾಸ್ ಡೈಕ್‌ಗೆ ‘ಅಡ್ಡಗಡಂಗ’ ಎನ್ನಿ. ತಮಿಳಿನ ಕಿಡಂಗು ಇದರ ಸಂಬಂಧಿಯೆಂಬುದು ನನ್ನ ಬಹುಕಾಲದ ನಂಬಿಕೆ. ರೀವ್‌ಗೆ ‘ಬದು’ ಸಾಕು.

ಉತ್ತರ 2:
ಕಡಂಗ ಸಲ್ಲದು. ಅದು ಕಾಳಗ ಮತ್ತು ನಾಡಗಡಿಗಳ ನೆನಪನ್ನು ಹೊತ್ತ ಹೆಸರು. ಅದನ್ನು ಪ್ರಾಗಿತಿಹಾಸಕ್ಕೆ ಅಂಟಿಸಿದರೆ ಓದುಗ ಸೈನ್ಯವನ್ನು ಹುಡುಕುತ್ತಾನೆ. ‘ಕಂದಕ’ವನ್ನಂತೂ ಯಾರೂ ಸೂಚಿಸದಿರಲಿ, ಅದು ಪಾರಸಿಯ ಕಡೆಯಿಂದ ಬಂದದ್ದು. ಅಗೆಯುವುದರಿಂದಲೇ ಹುಟ್ಟಿದ ಹಳಗನ್ನಡದ ‘ಅಗೞ್’ ಇದೆ, ಮಲೆನಾಡಿನ ತೋಟದಂಚಿನಲ್ಲಿ ‘ಅಗಳ’ವಾಗಿ ಇಂದಿಗೂ ಬದುಕಿದೆ. ‘ಅಡ್ಡಗಳ’ ಎಂದು ಬರೆಯಿರಿ.

ಉತ್ತರ 3:
ಕಂದಕವನ್ನು ಹೊರಗಟ್ಟುವವರು ‘ಜಮೀನ’ನ್ನೂ ಬಿಟ್ಟುಕೊಡಬೇಕಾದೀತು, ಅದೂ ಪಾರಸಿಯ ಪದವೇ. ‘ಅಡ್ಡಗಳ’ವನ್ನು ವಿದ್ಯಾರ್ಥಿ ‘ಅಡ್ಡಗಳು’ ಎಂಬ ಬಹುವಚನವೆಂದು ಓದಿಕೊಂಡರೆ ಹೊಣೆ ಯಾರದು? ಇನ್ನು ಬರಿಯ ‘ಬದು’ ನಮ್ಮ ರೈತರಿಗೆ ಇಳಿಜಾರಿನ ನೀರನ್ನೂ ಮಣ್ಣನ್ನೂ ತಡೆಯುವ ಒಡ್ಡನ್ನು ನೆನಪಿಸುತ್ತದೆ. ಡಾರ್ಟ್‌ಮೂರಿನ ಡಾರ್ಟ್‌ಮೀಟ್ ಎಂಬಲ್ಲಿನ ರೀವ್‌ಗಳಾದರೋ ಇಳಿಜಾರನ್ನು ಲೆಕ್ಕಿಸದೆ ಡಾರ್ಟ್ ಹೊಳೆಯ ಕಡಿದಾದ ಕಣಿವೆಗೆ ನೇರವಾಗಿ ಇಳಿದು, ಆಚೆ ದಡದಲ್ಲಿ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತವೆ; ಗ್ರೇಟ್ ವೆಸ್ಟರ್ನ್ ರೀವ್ ಒಂದೇ 10 ಕಿ.ಮೀ.ಗೂ ಹೆಚ್ಚು ಉದ್ದವಿದೆ. ಇವುಗಳ ಕೆಲಸ ನೀರು ತಡೆಯುವುದಲ್ಲ, ಪಾಲು ತೋರಿಸುವುದು. ಆದ್ದರಿಂದ ರೀವ್‌ಗೆ ‘ಎಲ್ಲೆದಿಂಡು’, ಕ್ರಾಸ್ ಡೈಕ್‌ಗೆ ‘ಅಡ್ಡದೋಡು’.

ಉತ್ತರ 2, ಮತ್ತೆ:
ಜಮೀನಿಗೆ ‘ನೆಲ’ ಇದೆ. ‘ಎಲ್ಲೆದಿಂಡು’ ಆಗಬಹುದು. ‘ಅಡ್ಡದೋಡು’ ದಿಬ್ಬವನ್ನು ಹೇಳುವುದಿಲ್ಲ.